ಅನಂತಣ್ಣ ಕೊಂಡ ಟ್ರಕ್ಕು ಮತ್ತು ಟ್ರೇಲರು

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ನೇಪರ್‌ವಿಲ್ಲಿನ ನಮ್ಮ ಮನೆಯಿಂದ ಮೂವರು ಹೊರಟೆವು: ನಾನು, ನನ್ನ ಅಣ್ಣ ಅನಂತ, ಅತ್ತಿಗೆ ಗಿರಿಜಾ. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಜೊತೆಗೆ ಗಾಳಿ. ಅಣ್ಣ ಅತ್ತಿಗೆ ಹಿಂದಿನ ದಿನವೇ ಮಿಶಿಗನ್ನಿನ ಪ್ಲಿಮತ್‌ನಿಂದ ಹೊಸ ಪಿಕಪ್ ಟ್ರಕ್ಕಿನಲ್ಲಿ ಬಂದಿದ್ದರು. ನಮ್ಮಲ್ಲಿಂದ ಇಪ್ಪತ್ತು ಮೈಲಿಯಾಚೆ ಯಾರ್ಕ್‌ವಿಲ್‌ನಲ್ಲಿ ಅಣ್ಣ ಒಂದು ಹಳೆಯ ಫಿಫ್ತ್ ವೀಲ್ ಟ್ರೇಲರನ್ನು ಕೊಂಡಿದ್ದ. ಅದನ್ನು ಕಟ್ಟಿಕೊಂಡು ಮುನ್ನೂರು ಮೈಲಿ ದೂರದ ಪ್ಲಿಮತ್ ಸೇರುವುದು, ನಾನು ಅಲ್ಲೆರಡು ದಿನ ಇದ್ದು ರೈಲಿನಲ್ಲಿ ಹಿಂತಿರುಗುವುದು ಎಂದು ನಿಶ್ಚಯವಾಗಿತ್ತು.

ಫಿಫ್ತ್ ವೀಲ್ ಅಂದರೆ ಚಕ್ರದ ಮೇಲಿನ ಮನೆ. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಅದರೊಳಗೇ. ಬೇರೆ ಟ್ರೇಲರುಗಳಂತೆ ಇದನ್ನು ಗಾಡಿಯ ಹಿಂಬದಿಯ ಕೊಕ್ಕೆಗೆ ಸಿಕ್ಕಿಸುವುದಿಲ್ಲ. ಇದರ ಮೂತಿ ಬಂದು ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೇ ಕೂರುತ್ತದೆ. ಹಾಗಾಗಿ ಟ್ರಕ್ಕು ಅದನ್ನು ಎಳೆದರೆ ಸಾಲದು, ಅದರ ಭಾರದಲ್ಲಿ ಒಂದು ಪಾಲನ್ನು ಬೆನ್ನ ಮೇಲೆ ಹೊರಲೂ ಬೇಕು. ಇದೆಲ್ಲ ನನಗೆ ಆ ದಿನ ಸಂಜೆಯ ಹೊತ್ತಿಗೆ ಗೊತ್ತಾದ ವಿದ್ಯೆ.

ಅಣ್ಣನಿಗೆ ಮಾತ್ರ ಇದು ಊಟ ತಿಂಡಿಯಷ್ಟು ಪರಿಚಿತ. ಆಬರ್ನ್ ಹಿಲ್ಸ್‌ನ ಒಂದು ವಾಹನ ಕಂಪನಿಯಲ್ಲಿ ಟ್ರಕ್ಕುಗಳು ಎಷ್ಟು ಎಳೆಯಬಲ್ಲವು, ಎಷ್ಟು ಹೊರಬಲ್ಲವು ಎಂದು ಪರೀಕ್ಷಿಸುವುದೇ ಅವನ ಕೆಲಸವಾಗಿತ್ತು. ರಿಟೈರ್ ಆಗುವವರೆಗೂ ಅದನ್ನೇ ಮಾಡಿದ. ಪ್ಲಿಮತ್ ಕಡೆಯ ಕನ್ನಡದವರು ಮದುವೆಗೆ ಜಾತಕ ತೋರಿಸದೆ ಇದ್ದಾರು, ಕಾರು ಕೊಳ್ಳುವಾಗ ಅನಂತಣ್ಣನಿಗೆ ತೋರಿಸದೆ ಇರುವುದಿಲ್ಲ. ಅವನು ಬಾಗಿಲು ತೆಗೆದು, ಬಗ್ಗಿ ನೋಡಿ, ತಲೆಯಾಡಿಸಿದರೆ ವ್ಯಾಪಾರ ಮುಗಿದಂತೆ. ಅಂಥವನೇ ತನಗೆ ಟ್ರಕ್ಕು ಕೊಂಡರೆ ಯಾರು ಏನು ಕೇಳುತ್ತಾರೆ?

ಕೇಳಿದವಳು ನನ್ನ ಮಗಳು ಮೇಘಾ ಒಬ್ಬಳೇ. ಹೊರಡುವ ಮುಂಚೆ ಡ್ರೈವ್‌ವೇಯಲ್ಲಿ ನಿಂತು, ಅಷ್ಟು ದೊಡ್ಡ ಟ್ರೇಲರಿಗೆ ಈ ಟ್ರಕ್ಕು ಚಿಕ್ಕದಾಗುವುದಿಲ್ಲವೇ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. "ಮಾಮಂಗೇ ಪಾಠ ಹೇಳ್ಕೊಡ್ತೀಯಾ?" ಅಂತ ನಾನು ಅವಳ ಬಾಯಿ ಮುಚ್ಚಿಸಿದೆ. ದೊಡ್ಡವರನ್ನು ಪ್ರಶ್ನೆ ಕೇಳಬಾರದೆಂಬುದು ನಮ್ಮ ಮನೆಯ ರೂಢಿ, ಅದರಲ್ಲೂ ಅವರಿಗೆ ಗೊತ್ತಿರುವ ವಿಷಯದಲ್ಲಿ. ಆಮೇಲೆ ಅತ್ತಿಗೆಗೆಂದು ತಂದಿಟ್ಟಿದ್ದ ಎರಡು ಮೂಟೆ ಸೋನಾ ಮಸೂರಿಯನ್ನೂ ಟ್ರಕ್ಕಿಗೆ ಹಾಕಿದೆ.

ಯಾರ್ಕ್‌ವಿಲ್‌ನಲ್ಲಿ ಕಟಾವಾದ ಜೋಳದ ಹೊಲಗಳ ನಡುವೆ ಒಂದು ಮನೆ. ಮಾರುತ್ತಿದ್ದವರು ಎಂಬತ್ತರ ಹತ್ತಿರದ ಅಮೆರಿಕನ್. ಕಟ್ಟಿಕೊಂಡು ಹೋಗುವುದು ಈ ಟ್ರಕ್ಕಿಗೇನಾ ಎಂದು ಅವರೂ ಕೇಳಿದರು. ಅಣ್ಣ ತನ್ನ ಹಳೆಯ ಕೆಲಸದ ವಿಷಯ ಹೇಳಿ, ಟ್ರಕ್ಕಿನ ಬ್ರೋಷರಿನಲ್ಲಿದ್ದ ಎಳೆಯುವ ಸಾಮರ್ಥ್ಯದ ಅಂಕಿ ಹೇಳಿದ. ಅವರು ಟ್ರೇಲರಿನ ಕಡೆ ನಡೆದರು. ಟ್ರೇಲರಿನ ಮೂತಿ ತೊಟ್ಟಿಯೊಳಗೆ ಇಳಿದಾಗ ಟ್ರಕ್ಕಿನ ಹಿಂಭಾಗ ಕುಸಿದು ಮುಂಭಾಗ ಮೇಲೆದ್ದಿತು. ಇದು ಹೀಗೇ ಇರಬೇಕು ಅಂದುಕೊಂಡೆ. ಅತ್ತಿಗೆ ತಿರುಪತಿ ತಿಮ್ಮಪ್ಪನ ಹೆಸರು ಹೇಳಿ ಹತ್ತಿದರು.

ಐ-೮೦ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟೆವು. ಅಣ್ಣ ಸಂತೋಷವಾಗಿದ್ದ. ಚಳಿಗಾಲ ಕಳೆದ ಮೇಲೆ ಯೆಲ್ಲೋಸ್ಟೋನ್, ಅಲ್ಲಿಂದ ಕೆಳಗಿಳಿದು ಯೂಟಾ, ವರ್ಷವಿಡೀ ತಿರುಗಾಟ ಎಂದು ಹೇಳುತ್ತಲೇ ಇದ್ದ. ನಡುನಡುವೆ ಹೆದ್ದಾರಿಯಿಂದ ಇಳಿಯುವುದು ಯಾವ ಎಕ್ಸಿಟ್‌ನಲ್ಲಿ ಎಂದು ಕೇಳುತ್ತಿದ್ದ. ಹೇಳಿದೆ. ಮತ್ತೆ ಕೇಳಿದ. ಅರಳು ಮರಳು ಶುರುವಾಯಿತಾ ಎಂದು ನಾನು ತಮಾಷೆ ಮಾಡಿದೆ. ಅವನು ನಕ್ಕ. ಹಿಂದಿನ ಸೀಟಿನಲ್ಲಿದ್ದ ಅತ್ತಿಗೆ ನಗಲಿಲ್ಲ.

ಇಂಡಿಯಾನಾದೊಳಗೆ ಬಂದ ಮೇಲೆ ಕೆರೆಯ ಕಡೆಯಿಂದ ಗಾಳಿ ಜೋರಾಯಿತು. ಲೇಕ್ ಮಿಶಿಗನ್ನನ್ನು ನಾವು ಕೆರೆ ಎಂದೇ ಅನ್ನುತ್ತೇವೆ, ಆಚೆ ದಡ ಕಾಣದಿದ್ದರೂ. ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದಾಗಲೆಲ್ಲ ನಮ್ಮ ಗಾಡಿ ಓಲಾಡುತ್ತಿತ್ತು. ಅಣ್ಣನ ಮಾತು ನಿಂತಿತು. ಸ್ಟೀರಿಂಗ್ ಹಗುರವಾಗಿದೆ, ಮುಂದಿನ ಚಕ್ರ ರಸ್ತೆ ಹಿಡಿಯುತ್ತಿಲ್ಲ ಎಂದಷ್ಟೇ ಹೇಳಿದ. ಐವತ್ತು ಮೈಲಿ ವೇಗಕ್ಕಿಳಿದು ಬಲಗಡೆಯ ಲೇನಿನಲ್ಲೇ ಹೋದೆವು. ನನ್ನ ಕೈ ಬಾಗಿಲಿನ ಹಿಡಿಯನ್ನು ಬಿಡಲಿಲ್ಲ.

ಮಿಶಿಗನ್ ಗಡಿ ದಾಟಿದೊಡನೆ ಸಿಗುವ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಚಪಾತಿ, ಬೀನ್ಸ್ ಪಲ್ಯ, ಮೊಸರನ್ನ ತಂದಿದ್ದೆ. ಊಟವಾದ ಮೇಲೆ ಅಣ್ಣ ಟೈರು ನೋಡಲು ಹೋದ. ಅತ್ತಿಗೆ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಸರಿದು ಕೂತು, ಬೇಸಿಗೆಯಲ್ಲೇ ಡಾಕ್ಟರ ಹತ್ತಿರ ಹೋಗಿದ್ದೆವು ಎಂದರು. ಮರೆವಿನ ಕಾಯಿಲೆ, ಈಗಷ್ಟೇ ಶುರು, ವಾಸಿಯಾಗುವಂಥದ್ದಲ್ಲ. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದರಂತೆ. ಅಣ್ಣ ಆಗಲಿ ಅಂದನಂತೆ. ಮಾರನೆಯ ದಿನದಿಂದ ಅದರ ಸುದ್ದಿಯೇ ಎತ್ತಲಿಲ್ಲವಂತೆ.

"ಮರ್ತಿದಾರೋ, ಇಲ್ಲ ನನ್ ಹತ್ರ ಮುಚ್ಚಿಡ್ತಿದಾರೋ ಗೊತ್ತಾಗ್ತಿಲ್ಲ ಕಣೆ ನಾಗೂ. ಕೇಳೋಕೂ ಭಯ. ಟ್ರೇಲರ್ ಬೇಡ ಅಂದಿದ್ರೆ ಯಾಕೆ ಅಂತ ಕೇಳೋರು. ಆಗ ನಾನೇನ್ ಹೇಳ್ಲಿ?"

ದೂರದಲ್ಲಿ ಅಣ್ಣ ಟ್ರಕ್ಕಿನ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಆ ಗಾಡಿಯನ್ನು ಅವನು ಇನ್ನೂ ಇನ್ನೂರು ಮೈಲಿ ಓಡಿಸಬೇಕಿತ್ತು. ನಿಲ್ಲಿಸು ಅಂದರೆ ಅವನ ಕಾಯಿಲೆಯನ್ನು ಅವನ ಮುಖಕ್ಕೇ ಹೇಳಿದಂತೆ. ಹೇಳದಿದ್ದರೆ ನಮ್ಮ ಮೂವರ ಜೀವ, ರಸ್ತೆಯಲ್ಲಿ ಅಕ್ಕಪಕ್ಕ ಹೋಗುವವರ ಜೀವ. ಅತ್ತಿಗೆ ಡಬ್ಬಿಗಳನ್ನು ಒರೆಸಿ ಚೀಲಕ್ಕೆ ಹಾಕಿದರು.

ಅಣ್ಣನೇ ಬಂದು, ಮುಂದೆ ಟ್ರಕ್ ಸ್ಟಾಪ್ ಸಿಕ್ಕಿದರೆ ತೂಕ ಹಾಕಿಸೋಣ ಎಂದ. ಹೊಸದಾಗಿ ಕಟ್ಟಿದ ಟ್ರೇಲರನ್ನು ಒಮ್ಮೆ ತೂಗಿಸಿ ನೋಡಬೇಕೆಂಬುದು ಅವನ ಹಳೆಯ ಶಿಸ್ತು. ಕೆಲವು ಮೈಲಿಯಲ್ಲೇ ಒಂದು ಸಿಕ್ಕಿತು. ಲಾರಿಗಳ ಸಾಲಿನಲ್ಲಿ ನಿಂತು, ನೆಲದೊಳಗಿನ ತಕ್ಕಡಿಯ ಮೇಲೆ ಗಾಡಿ ಹತ್ತಿಸಿದೆವು. ಮುಂದಿನ ಚಕ್ರಗಳಿಗೆ ಒಂದು ಹಲಗೆ, ಹಿಂದಿನವಕ್ಕೆ ಒಂದು, ಟ್ರೇಲರಿನ ಚಕ್ರಗಳಿಗೆ ಇನ್ನೊಂದು. ಮೂರರ ತೂಕವೂ ಬೇರೆಬೇರೆಯಾಗಿ ಬರುತ್ತದೆ. ಹದಿನೈದು ಡಾಲರಿನಷ್ಟು ಕೊಟ್ಟು ನಾನೇ ಒಳಗಿನಿಂದ ಚೀಟಿ ತಂದೆ.

ಅಣ್ಣ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಚೀಟಿ ಓದಿದ. ಆಮೇಲೆ ತನ್ನ ಕಡೆಯ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ್ದ ಹಳದಿ ಸ್ಟಿಕ್ಕರನ್ನು ಬಗ್ಗಿ ನೋಡಿದ. ಜನ, ಸಾಮಾನು, ಬೆನ್ನ ಮೇಲಿನ ಭಾರ ಎಲ್ಲ ಸೇರಿ ಟ್ರಕ್ಕು ಎಷ್ಟು ಹೊರಬಹುದೆಂದು ಅಲ್ಲಿ ಬರೆದಿರುತ್ತದೆ. ಚೀಟಿ ನೋಡಿದ, ಸ್ಟಿಕ್ಕರ್ ನೋಡಿದ, ಮತ್ತೆ ಚೀಟಿ ನೋಡಿದ. ಅವನ ಮುಖದಲ್ಲಿ ಸಿಟ್ಟು ಬಂತು. ಯಾರದೋ ಗಾಡಿ ನೋಡಲು ಹೋದಾಗ, ಕೊಂಡವರಿಗೆ ಮೋಸವಾಗಿದೆ ಎಂದು ತಿಳಿದರೆ ಬರುತ್ತಿದ್ದ ಸಿಟ್ಟು ಅದು.

"ಎಳೆಯೋದು ಬೇರೆ, ಹೊರೋದು ಬೇರೆ. ಬರೀ ಎಳೆಯೋದನ್ನ ನೋಡಿದಾರೆ," ಅಂದ. "ಯಾರೇ ಇದು, ಈ ಟ್ರಕ್ ತಗೊಳಿ ಅಂತ ಹೇಳಿದ್ದು?"

ಆ ಟ್ರಕ್ಕನ್ನು ಆರಿಸಿ ಕೊಂಡವನು ಅವನೇ. ನನಗೆ ಹೇಗಾದರೂ ಆ ಕ್ಷಣವನ್ನು ದಾಟಬೇಕೆನಿಸಿ, ಅಕ್ಕಿ ಮೂಟೆ ಇಳಿಸಿಬಿಡೋಣವೇ ಎಂದು ಕೇಳಿದೆ. ಎಂಥ ಪೆದ್ದು ಮಾತು. ಅಣ್ಣ ನನ್ನ ಮುಖವನ್ನೇ ನೋಡಿದ. ಸಿಟ್ಟು ನಿಧಾನವಾಗಿ ಇಳಿಯಿತು. ಅಕ್ಕಿಯ ಜೊತೆ ನಾವು ಮೂವರೂ ಇಳಿದರೂ ಸಾಲದು ಎಂದು ಮೆಲ್ಲಗೆ ಹೇಳಿ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತ. ಚೀಟಿಯನ್ನು ಮಡಿಸಿ ಜೇಬಿಗಿಟ್ಟು ಅತ್ತಿಗೆಯ ಕಡೆ ತಿರುಗಿದ.

"ಡಾಕ್ಟ್ರು ಹೇಳಿದ್ದು ನಂಗೆ ಮರ್ತಿಲ್ಲ ಗಿರಿಜಾ. ಈ ಲೆಕ್ಕ ಒಂದಾದ್ರೂ ನನ್ ಹತ್ರ ಉಳಿಯತ್ತೆ ಅಂದ್ಕೊಂಡಿದ್ದೆ."

ಅತ್ತಿಗೆ ಅವನ ತಲೆಯನ್ನು ತಮ್ಮ ಕೋಟಿಗೆ ಒತ್ತಿಕೊಂಡರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರಿಬ್ಬರು ಎಲ್ಲರೆದುರು ಹಾಗೆ ಇದ್ದದ್ದನ್ನು ನಾನು ನೋಡಿರಲಿಲ್ಲ. ನಾನು ಲಾರಿಗಳ ಕಡೆ ತಿರುಗಿ ಅತ್ತೆ.

ಅಲ್ಲಿಂದ ಎರಡು ಮೈಲಿಯಲ್ಲಿ, ಚಳಿಗಾಲಕ್ಕೆ ಜನ ತಮ್ಮ ದೋಣಿ, ಟ್ರೇಲರುಗಳನ್ನು ಬಾಡಿಗೆಗೆ ನಿಲ್ಲಿಸುವ ಒಂದು ಬಯಲಿತ್ತು. ನಿಧಾನವಾಗಿ, ದೀಪ ಮಿನುಗಿಸಿಕೊಂಡು ಅಲ್ಲಿಯವರೆಗೆ ಹೋದೆವು. ಟ್ರೇಲರನ್ನು ಬಿಚ್ಚಿದ ಮೇಲೆ ಅಣ್ಣ ಒಳಗೆ ಹೋಗಿ ಕಿಟಕಿಗಳ ಪರದೆಗಳನ್ನು ಒಂದೊಂದಾಗಿ ಎಳೆದು, ಬೀಗ ಹಾಕಿಕೊಂಡು ಬಂದ. ಟ್ರಕ್ಕಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು ಪಕ್ಕದ ಸೀಟು ಹತ್ತಿದ. ಹೊರಡುವಾಗ ಅವನು ಹಿಂದೆ ನೋಡಲಿಲ್ಲ, ಕನ್ನಡಿಯಲ್ಲಿ ನಾನು ನೋಡಿದೆ. ಕಲಾಮಜೂ, ಜಾಕ್ಸನ್, ಆ್ಯನ್ ಆರ್ಬರ್ ಒಂದೊಂದಾಗಿ ಹಿಂದೆ ಬಿದ್ದವು. ಪ್ಲಿಮತ್ ಸೇರಿದಾಗ ಕತ್ತಲಾಗುತ್ತಿತ್ತು.

ಎರಡು ದಿನ ಅಲ್ಲಿದ್ದೆ. ಟ್ರೇಲರನ್ನು ಮಾರುವ ಮಾತಾಯಿತು. ದೊಡ್ಡ ಟ್ರಕ್ಕು ಕೊಂಡರೆ ಹೇಗೆ ಎಂದು ನಾನು ಕೇಳಿದ್ದಕ್ಕೆ ಅಣ್ಣ, ಟ್ರಕ್ಕಿಗಿಂತ ಓಡಿಸುವವನನ್ನು ಮೊದಲು ನೋಡಬೇಕು ಅಂದ. ಮಂಗಳವಾರ ಅತ್ತಿಗೆ ಕಾರು ಓಡಿಸಿಕೊಂಡು ನನ್ನನ್ನು ಆ್ಯನ್ ಆರ್ಬರ್ ಸ್ಟೇಷನ್ನಿಗೆ ಬಿಟ್ಟರು, ಅಣ್ಣನೂ ಬಂದ. ರೈಲು ಅರ್ಧ ಗಂಟೆ ತಡ. ಪ್ಲಾಟ್‌ಫಾರಮ್ಮಿನ ಚಳಿಯಲ್ಲಿ ಅವನು ನನ್ನ ಮಫ್ಲರನ್ನು ಸರಿಯಾಗಿ ಸುತ್ತಿದ.

"ಮನೆ ಮುಟ್ಟಿದ ತಕ್ಷಣ ಫೋನ್ ಮಾಡು," ಅಂದ. "ನೀನು ಮಾಡಿದ್ದು ನಾನು ಮರ್ತಿದ್ರೆ, ಬೇಜಾರ್ ಮಾಡ್ಕೋಬೇಡ. ಇನ್ನೊಂದ್ಸಲ ಮಾಡು."

ನೇಪರ್‌ವಿಲ್ ತಲುಪಿ ಕೋಟು ಬಿಚ್ಚುವ ಮುಂಚೆಯೇ ಫೋನ್ ಮಾಡಿದೆ. "ಮುಟ್ಟಿದ್ಯಾ ನಾಗೂ? ಸದ್ಯ," ಅಂದ ಅಣ್ಣ. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಅವನದೇ ಫೋನ್ ಬಂತು. ನಾನಿನ್ನೂ ಮುಟ್ಟಿಲ್ಲವೆಂದು ಗಾಬರಿಯಾಗಿದ್ದ. ಈಗ ತಾನೇ ಬಂದೆ ಅಣ್ಣ ಅಂದೆ. "ಮುಟ್ಟಿದ್ಯಾ ನಾಗೂ? ಸದ್ಯ," ಅಂದ.