ಹನ್ನೊಂದು ಸೀರೆಯ ಡಬ್ಬಿ

ರಾಟರ್‌ಡ್ಯಾಮಿಗೆ ಬಂದಿಳಿದ ಮರುದಿನ ನಾನು ಕಂಡದ್ದು ವಾರೆಯಾಗಿ ನಿಂತ ಮನೆಗಳನ್ನು. ದೊಡ್ಡ ಹಳದಿ ಪೆಟ್ಟಿಗೆಗಳನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗಿದ್ದವು. ಒಳಗೆ ಜನ ಸಂಸಾರವನ್ನೂ ಮಾಡುತ್ತಿದ್ದರು. ಒಂದು ಕಿಟಕಿಯಲ್ಲಿ ಹೆಂಗಸೊಬ್ಬಳು ಗಿಡಕ್ಕೆ ನೀರು ಹಾಕುತ್ತಿದ್ದಳು. ಶಂಕರಪುರದ ನಮ್ಮ ಬಾಡಿಗೆ ಮನೆಯ ಮಾಲೀಕರು ವಾಸ್ತು ಸರಿಯಿಲ್ಲವೆಂದು ಬಾಗಿಲನ್ನು ಅರ್ಧ ಅಡಿ ಸರಿಸಲು ತಿಂಗಳುಗಟ್ಟಲೆ ಗೋಡೆ ಒಡೆಸಿದ್ದರು. ಅದು ನೆನಪಾಗಿ ನಗು ಬಂತು. ಇದನ್ನು ಅಮ್ಮನಿಗೆ ಹೇಳಬೇಕು ಅಂದುಕೊಂಡೆ. ಅಮ್ಮ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು.

ತೊಂಬತ್ತರ ದಶಕದ ಕೊನೆ ಅದು. ಬಸವನಗುಡಿಯಲ್ಲಿ ಆರ್ಕಿಟೆಕ್ಟ್ ಒಬ್ಬರ ಕೈಕೆಳಗೆ ಥರ್ಮೋಕೋಲಿನಲ್ಲಿ ಕಟ್ಟಡಗಳ ಮಾದರಿ ಮಾಡುತ್ತಿದ್ದ ನನಗೆ ಇಲ್ಲಿಯೂ ಅದೇ ಕೆಲಸ ಸಿಕ್ಕಿತ್ತು. ಮೂರನೇ ಮಹಡಿಯಲ್ಲಿ ಒಂದು ರೂಮು, ಅದಕ್ಕೆ ಏಣಿಯಷ್ಟೇ ಕಡಿದಾದ ಮೆಟ್ಟಿಲು. ಸಾಮಾನೆಲ್ಲ ‘ಕ್ರಿಂಗ್‌ಲೋಪ್’ನಿಂದ ತಂದೆ. ಹಾಗೆಂದರೆ ಒಬ್ಬರು ಬೇಡವೆಂದು ಕೊಟ್ಟದ್ದನ್ನು ಇನ್ನೊಬ್ಬರು ಕೊಳ್ಳುವ ಅಂಗಡಿ. ವೈಯಾಲಿಕಾವಲ್‌ನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, “ಯಾರ್ಯಾರೋ ಎಂಜಲು ಮಾಡಿದ ಲೋಟದಲ್ಲಿ ಕಾಫಿ ಕುಡೀತಿದೀಯೇನೇ?” ಎಂದಳು.

ಭಾನುವಾರ ಮಾತಾಡಲು ಯಾರೂ ಇರುತ್ತಿರಲಿಲ್ಲ. ಮ್ಯೂಸಿಯಮ್ಮುಗಳು ಬೆಚ್ಚಗಿರುತ್ತವೆಂದು ಹೋಗತೊಡಗಿದೆ. ಮೊದಲ ಸಲ ಕಾಲು ನೋವೆಂದು ಕೂತದ್ದೇ ಒಂದು ಕಲಾಕೃತಿಯ ಮೇಲೆ. ಕಾವಲಿನವನು ಓಡಿ ಬಂದ. ಸೈಕಲ್ ಟ್ಯೂಬು ಹೆಣೆದು ಮಾಡಿದ ಕುರ್ಚಿ ಅದು. ಚಾಮರಾಜಪೇಟೆಯ ಸೈಕಲ್ ಷಾಪಿನಲ್ಲಿ ಸ್ಟೂಲು ಹರಿದರೆ ಹೀಗೆಯೇ ಟ್ಯೂಬು ಸುತ್ತುತ್ತಿದ್ದರು. ಅಲ್ಲಿ ಅದರ ಮೇಲೆ ಕೂರುತ್ತಿದ್ದರು, ಅಷ್ಟೇ ವ್ಯತ್ಯಾಸ. ಬರಬರುತ್ತಾ ನೋಡುವುದು ಕಲಿತೆ. ಒಡೆದ ತಟ್ಟೆಗಳಿಂದ ಮಾಡಿದ ದೀಪ ನೋಡಿ ಖುಷಿಪಟ್ಟ ದಿನ, ಈ ಊರು ನನಗೂ ಸ್ವಲ್ಪ ಒಗ್ಗಿತು ಅನ್ನಿಸಿತು.

ಚಳಿಗಾಲದ ಒಂದು ಮಧ್ಯಾಹ್ನ ಹೊಕ್ಕ ಕೋಣೆಯಲ್ಲಿ ಹಗ್ಗ ಕಟ್ಟಿ ನಲವತ್ತೋ ಐವತ್ತೋ ಅಡುಗೆಮನೆಯ ಏಪ್ರನ್ನುಗಳನ್ನು ತೂಗುಹಾಕಿದ್ದರು. ಕಲಾವಿದೆಯೊಬ್ಬಳ ತೀರಿಹೋದ ತಾಯಿಯವು. ಒಂದನ್ನೂ ಒಗೆದಿರಲಿಲ್ಲ. ಕೋಣೆಯ ತುಂಬ ಈರುಳ್ಳಿ, ಬೆಣ್ಣೆ, ಹಳೆಯ ಬೆವರಿನ ವಾಸನೆ. ನಾನು ಅಳುತ್ತಿದ್ದೇನೆಂದು ನನಗೆ ತಿಳಿದದ್ದು, ಕಾವಲಿಗಿದ್ದ ಮುದುಕ ಹತ್ತಿರ ಬಂದಾಗಲೇ.

“ನಿಮ್ಮ ತಾಯಿ ಇದ್ದಾರಾ?” ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲವೆಂದೆ. “ಅವರದು ಏನು ಇಟ್ಟುಕೊಂಡಿದ್ದೀರಿ?”

ಮನೆ ಖಾಲಿ ಮಾಡುವ ವಾರ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಿದ್ದಳು. ರೇಷ್ಮೆ ಸೀರೆಗಳನ್ನು ಅಕ್ಕನೂ ನಾನೂ ಹಂಚಿಕೊಂಡಾಗಿತ್ತು. ಅಮ್ಮ ದಿನಾ ಉಡುತ್ತಿದ್ದ ಎಂಟು ನೂಲಿನ ಸೀರೆಗಳನ್ನು ತಂದು ಅವಳ ಮುಂದೆ ಹಾಕಿದೆ. “ಇದಕ್ಕೆ ಬಟ್ಟಲು ಬರ್ತದಕ್ಕಾ, ಡಬ್ಬಿ ಬರಲ್ಲ,” ಎಂದಳು. ಪರದೇಶಕ್ಕೆ ಚಟ್ನಿಪುಡಿ ಒಯ್ಯಲು ನನಗೆ ಡಬ್ಬಿಯೇ ಬೇಕಿತ್ತು. ಹಟಕ್ಕೆ ಬಿದ್ದು ಇನ್ನೂ ಮೂರು ತಂದೆ. ಅದರಲ್ಲೊಂದು, ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅಮ್ಮ ಬಿಚ್ಚಿಟ್ಟದ್ದು, ನೀಲಿ ಅಂಚಿನದು. ಒಗೆದಿರಲಿಲ್ಲ. ಚೌಕಾಸಿಯಲ್ಲಿ ಗೆದ್ದೆನೆಂದು ಅವತ್ತು ನನಗೆ ಹೆಮ್ಮೆಯಾಗಿತ್ತು.

ಮ್ಯೂಸಿಯಮ್ಮಿನಿಂದ ಬಂದವಳೇ ಅಕ್ಕನಿಗೆ ಫೋನು ಮಾಡಿದೆ. “ಅಮ್ಮ ಉಡ್ತಿದ್ದ ಸೀರೆ ಒಂದಾದ್ರೂ ಇದ್ಯಾ ನಿನ್ನ ಹತ್ರ?”

“ನೀನೇ ಅಲ್ವೇನೇ ಪಾತ್ರೆಯೋಳಿಗೆ ಹಾಕಿದ್ದು?” ಎಂದಳು. ಆಮೇಲೆ, “ಗ್ರೈಂಡರ್ ಒರೆಸೋಕೆ ಒಂದು ತುಂಡು ಇತ್ತು ಕಣೆ. ಪೂರ್ತಿ ಪಿಸಿದುಹೋಯ್ತು ಅಂತ ಮೊನ್ನೆ ಎಸೆದ್ಬಿಟ್ಟೆ,” ಎಂದಳು. ಅವಳೂ ಅಳುತ್ತಿದ್ದಳು.

ಎರಡು ವರ್ಷದ ಮೇಲೆ ಊರಿಗೆ ಹೋದಾಗ ಆ ಡಬ್ಬಿಯನ್ನೂ ಒಯ್ದಿದ್ದೆ. ಶಂಕರಪುರದ ಮನೆಯಲ್ಲಿ ಬೇರೆಯವರಿದ್ದರು. ನಾನು ಅಕ್ಕನ ಮನೆಗೆ ಬಂದ ನೆಂಟಳು. ಒಂದು ಬೆಳಿಗ್ಗೆ ಬೀದಿಯಲ್ಲಿ ಪಾತ್ರೆಯವಳ ಕೂಗು ಕೇಳಿತು. ಇವಳು ಬೇರೆಯವಳು. ಆದರೂ ಡಬ್ಬಿ ಹಿಡಿದು ಗೇಟಿಗೆ ಓಡಿದೆ.

“ಪಾತ್ರೆ ವಾಪಸ್ ತಗೊಳಲ್ಲಕ್ಕಾ. ಹಳೇ ಸೀರೆ ಇದ್ರೆ ಕೊಡಿ.”

“ನನಗೇ ಸೀರೆ ಬೇಕಾಗಿತ್ತು. ನಮ್ಮಮ್ಮಂದು.”

ನನ್ನ ಮುಖ ನೋಡಿ ಅವಳು ತಲೆಯ ಮೇಲಿನ ಬುಟ್ಟಿ ಇಳಿಸಿದಳು, ಬಟ್ಟೆಯ ಗಂಟು ಬಿಚ್ಚಿದಳು. “ನೋಡ್ಕೊಳಿ,” ಎಂದಳು. ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಂದು ನೀಲಿ ಅಂಚಿನದು ಸಿಕ್ಕಿತು. ಸೆರಗಿನಲ್ಲಿ ಇಂಗಿನ ವಾಸನೆಯೂ ಇತ್ತು. ಮುಖಕ್ಕೆ ಒತ್ತಿಕೊಂಡೆ. ಯಾರ ಅಮ್ಮನದೋ. ಮಡಚಿ ಗಂಟಿನಲ್ಲೇ ಇಟ್ಟೆ.

ಈಗ ರಾಟರ್‌ಡ್ಯಾಮಿನಲ್ಲಿ ನನ್ನ ಡಚ್ಚು ಪರವಾಗಿಲ್ಲ, ಆ ವಾರೆ ಮನೆಗಳೂ ನೆಟ್ಟಗೇ ಕಾಣುತ್ತವೆ. ಅಲ್ಲಿ ನನ್ನ ಮನೆಯಿಲ್ಲ, ಇಲ್ಲಿ ನನ್ನವರಿಲ್ಲ. ಡಬ್ಬಿಯನ್ನು ನೋಡಿದ ಗೆಳತಿಯೊಬ್ಬಳು ಎಂಥ ಅಚ್ಚುಕಟ್ಟಾದ ವಿನ್ಯಾಸ ಎಂದಳು. ಮುಚ್ಚಳ ತೆಗೆದಾಗಲೆಲ್ಲ ನಾನದನ್ನು ಒಮ್ಮೆ ಮೂಸುತ್ತೇನೆ. ಸ್ಟೀಲಿಗೆ ವಾಸನೆ ಹಿಡಿಯುವುದಿಲ್ಲ.