ಜಲಸಂಗ್ವಿಯ ಹೆಂಗಸು ಬರೆಯುವ ಕೈ

ಎಪ್ಪತ್ತರ ದಶಕದ ಮಾತು, ವರ್ಷ ನೆನಪಿಲ್ಲ. ಎರಡನೇ ಇಯತ್ತೆಯಲ್ಲಿದ್ದ ನನ್ನ ಮಗಳು ಎಡಗೈಯಲ್ಲಿ ಬರೆಯುತ್ತಿದ್ದಳು. ನನ್ನ ಅವ್ವನಿಗೆ ಅದು ಸೇರುತ್ತಿರಲಿಲ್ಲ. ಕಲ್ಯಾಣದ ನಮ್ಮ ಮನೆಯಲ್ಲಿ ದಿನಾ ಸಂಜೆ ಮೊಮ್ಮಗಳ ಎಡಗೈಗೆ ಅರಿವೆ ಸುತ್ತಿ, ಬಲಗೈಗೆ ಬಳಪ ಕೊಟ್ಟು ಕೂರಿಸುತ್ತಿದ್ದಳು. ಹುಡುಗಿ ನಾಲ್ಕಕ್ಷರ ಗೀಚಿ ಅಳುತ್ತಿದ್ದಳು.

ತಡೆಯಲಾರದೆ ಒಂದು ದಿನ ಹೇಳಿಬಿಟ್ಟೆ: ಜಲಸಂಗ್ವಿ ಗುಡಿಯ ಗೋಡೆಯ ಮೇಲೆ ಶಾಸನ ಬರೆಯುವ ಹೆಂಗಸೊಬ್ಬಳಿದ್ದಾಳೆ, ಅವಳದೂ ಎಡಗೈ, ಓದುವ ಕಾಲದಲ್ಲಿ ಕಣ್ಣಾರೆ ಕಂಡಿದ್ದೇನೆ.

"ಖರೇ ಇದ್ರ ಇವತ್ತಿಗೇ ಈ ಅರಿವಿ ಬಿಡ್ತೀನಿ," ಎಂದಳು ಅವ್ವ. "ಸುಳ್ಳಾದ್ರ ನೀ ನಡುವ ಬಾಯಿ ಹಾಕಬ್ಯಾಡ."

ಆದಿತ್ಯವಾರ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಮೂವರೂ ಹೋದೆವು. ಗುಡಿಯ ಜಗತಿಯ ಕಟ್ಟೆಗೆ ಯಾರೋ ಒಣಗಿದ ಜೋಳದ ದಂಟಿನ ಕಣಿಕೆ ಒರಗಿಸಿದ್ದರು. ಅದರ ಮೇಲೆ, ಗೋಡೆಯುದ್ದಕ್ಕೂ, ಕಪ್ಪು ಕಲ್ಲಿನ ಹೆಂಗಸರು. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಳು. ಇನ್ನೊಬ್ಬಳು ಕುಣಿತದ ನಡುವೆ ನಿಂತುಬಿಟ್ಟಂತಿದ್ದಳು. ಸೊಂಟದ ಮಡಿಕೆ, ಮಣಿಸರ ಎದೆಯ ಮೇಲೆ ಜಾರಿದ ರೀತಿ, ಎಲ್ಲವೂ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಚೆಲುವಾಗಿದ್ದವು. ದೇವರನ್ನು ನಂಬದ ನಾನು ಆ ಉಳಿಯ ಮುಂದೆ ಕೈಮುಗಿಯುವವನೇ ಇದ್ದೆ.

ಆಮೇಲೆ ಅವಳು ಸಿಕ್ಕಳು. ಬಲಗೈಯಿಂದ ಬರೆಯುತ್ತಿದ್ದಳು.

"ಮಾಸ್ತರಾ," ಅವ್ವ ನಕ್ಕಳು, "ಇಷ್ಟು ಓದೀದಿ, ಎಡಾ ಬಲಾ ತಿಳೀಲಿಲ್ಲೇನೋ?"

ಕಾಲೇಜಿನಲ್ಲಿದ್ದಾಗ ತೆಳುಕಾಗದದ ಮೇಲೆ ಅವಳ ಮೈಯಷ್ಟನ್ನೇ, ಅಕ್ಷರ ಬಿಟ್ಟು, ಇಳಿಸಿಕೊಂಡು ಕೋಣೆಯ ಗೋಡೆಗೆ ಅಂಟಿಸಿದ್ದೆ. ಕಾಗದದ ಹಿಂಬದಿಯನ್ನೇ ಮುಂದೆ ಮಾಡಿ ಅಂಟಿಸಿ, ವರ್ಷಗಟ್ಟಲೆ ಆ ಎಡಬಲ ಅದಲುಬದಲಾದ ಚಿತ್ರವನ್ನೇ ನೋಡಿರಬೇಕು. ಅಥವಾ ಮಗಳಿಗೆ ಬೇಕಾದ ಸಾಕ್ಷಿಯನ್ನು ನನ್ನ ತಲೆಯೇ ಹುಟ್ಟಿಸಿಕೊಂಡಿತೋ? ಈಗಲೂ ಗೊತ್ತಿಲ್ಲ. ಅವ್ವನ ಷರತ್ತಿನಂತೆ ಇನ್ನು ನಾನು ನಡುವೆ ಬಾಯಿ ಹಾಕುವಂತಿರಲಿಲ್ಲ.

ಅವ್ವ ಮಾತ್ರ ಆ ಹೆಂಗಸಿನ ಮುಂದಿನಿಂದ ಕದಲಲಿಲ್ಲ.

"ಏನ್ ಬರೀಲಾಕತ್ತಾಳ?"

"ರಾಜನ ಹೊಗಳಿಕೆ."

"ಇಷ್ಟು ಚಂದ ಅದಾಳ. ತನ್ನ ಹೆಸರರ ಬರಕೋಬಾರ್ದೇನು?" ಅವ್ವ ಜೀವಮಾನವಿಡೀ ಹೆಬ್ಬೆಟ್ಟು ಒತ್ತಿದವಳು.

ಅಷ್ಟರಲ್ಲಿ ಮಗಳು ಕಣಿಕೆಯ ಮಗ್ಗುಲಲ್ಲಿ ಕೂತು ಪಾಟಿ ತೆಗೆದಿದ್ದಳು. ಕಲ್ಲಿನ ಮೇಲಿನ ಅಕ್ಷರಗಳನ್ನು ಎಡಗೈಯಿಂದ ಒಂದೊಂದಾಗಿ ಇಳಿಸುತ್ತಿದ್ದಳು. ಓದಲು ಬಾರದ ಹಳೆಯ ಅಕ್ಷರ. ಅವಳಿಗೆ ಅವು ಬರೀ ಬಳ್ಳಿ, ಕೊಕ್ಕೆ. ಅವ್ವ ಹಿಂದಿನಿಂದ ಬಗ್ಗಿ ನೋಡಿದಳು. ಬೈಗುಳ ಈಗ ಬರುತ್ತದೆ ಎಂದು ಕಾದೆ.

ಅವ್ವ ಒಮ್ಮೆ ಪಾಟಿ ನೋಡಿದಳು, ಒಮ್ಮೆ ಗೋಡೆ.

"ಅಯ್ಯ, ಹಾಂಗೇ ಬಂದದಲ್ಲ!"

"ಇನ್ನಾ ಒಂದು ಸಾಲು ಅದ ಆಯಿ, ಬಿಸಿಲಿಗಿ ಅಡ್ಡ ನಿಂದ್ರಬ್ಯಾಡ," ಎಂದಳು ಮಗಳು.

ಅವ್ವ ಪಕ್ಕಕ್ಕೆ ಸರಿದು ನಿಂತಳು. ಅವ್ವನಿಗೆ ಯಾರಾದರೂ ಹೀಗೆ ಅಪ್ಪಣೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಕಡೆ ನೋಡದೆ ಮೊಮ್ಮಗಳಿಗೆ ಅಂದಳು:

"ಬರಕೋ. ಉಣ್ಣೂದು ಮಾತ್ರ ಬಲಗೈಲೆ."

"ಹೂಂ," ಎಂದಳು ಹುಡುಗಿ, ತಲೆ ಎತ್ತದೆ.