ಚಂದ್ರಿ ಕುಡಿದ ನೊರೆ

ಆಗ ನಮ್ಮ ಮನೆಯಿಂದ ನೀರು ಸುಮ್ಮನೆ ಹೊರಗೆ ಹೋಗುತ್ತಿರಲಿಲ್ಲ. ಮೈ ತೊಳೆದ ನೀರು ಹಿತ್ತಲಿನ ಪಪ್ಪಾಯಿ ಗಿಡಕ್ಕೆ, ಬಟ್ಟೆ ಒಗೆದದ್ದು ಅಂಗಳದ ಧೂಳಿಗೆ, ಅಕ್ಕಿ ತೊಳೆದದ್ದು ಮತ್ತು ಮುಸುರಿ ನೀರು ಚಂದ್ರಿಗೆ. ಚಂದ್ರಿ ಅಂದರೆ ನಮ್ಮ ಎಮ್ಮೆ. ಹಣೆಯ ಮೇಲೆ ಒಂದು ಬಿಳಿ ಚುಕ್ಕೆ ಇತ್ತು.

ಬ್ಯಾಡಗಿಯ ಅಂಚಿನ ನಮ್ಮ ಓಣಿಯಂಥ ಓಣಿಗಳಲ್ಲಿ ಬೆಳೆದವರಿಗೆ ಪಾತ್ರೆ ತೊಳೆಯುವ ಆ ಕ್ರಮ ನೆನಪಿರಬಹುದು. ಉಂಡ ತಾಟುಗಳನ್ನು ಮೊದಲು ಒಂದು ಬಕೆಟ್ಟಿನಲ್ಲಿ ಅದ್ದಿ ಕೈಯಿಂದ ಸವರುವುದು. ಅಗುಳು, ರೊಟ್ಟಿಯ ಚೂರು, ಸಾರಿನ ತಿಳಿ ಎಲ್ಲ ಆ ನೀರಿಗೆ ಇಳಿಯುತ್ತಿತ್ತು. ಅದು ಚಂದ್ರಿಯ ಪಾಲು, ಅವಳ ಕಲ್ಲಿನ ಬಾನಿಗೆ ಹೋಗುತ್ತಿತ್ತು. ಆಮೇಲೆ ಒಲೆಯ ಬೂದಿ, ತೆಂಗಿನ ನಾರು ಹಿಡಿದು ತಿಕ್ಕುವುದು. ಆ ಬೂದಿ ನೀರು ತಿಪ್ಪೆಗೆ. ಎರಡು ನೀರು ಒಂದಾಗಬಾರದು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅವು ಒಂದಾಗುವ ಪ್ರಸಂಗವೇ ಬಂದಿರಲಿಲ್ಲ.

ಇದು ನಡೆದಾಗ ನಾನು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಐದನೆಯದೂ ಇರಬಹುದು. ಮೆಣಸಿನಕಾಯಿಯ ಸುಗ್ಗಿ ಎನ್ನುವುದರಲ್ಲಿ ಮಾತ್ರ ಸಂಶಯವಿಲ್ಲ, ಯಾಕೆಂದರೆ ಅವ್ವನ ಕೈ ಉರಿಯುತ್ತಿತ್ತು. ಆ ತಿಂಗಳುಗಳಲ್ಲಿ ಅವ್ವ ದಿನವೂ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಸಂಜೆ ಅವಳು ಹೊಸ್ತಿಲು ದಾಟಿದರೆ ಸೀರೆಯ ಘಾಟಿಗೆ ಮನೆಯೆಲ್ಲ ಸೀನುತ್ತಿತ್ತು. ಅದೇ ಕೈಯಲ್ಲಿ ಬೂದಿ ಹಿಡಿದರೆ ಬೆರಳ ಸಂದುಗಳಲ್ಲಿ ಬೆಂಕಿ. ತಿಕ್ಕಿ ಮುಗಿಸಿ ಮಜ್ಜಿಗೆಯ ಬಟ್ಟಲಲ್ಲಿ ಕೈ ಅದ್ದಿಕೊಂಡು ಕುಳಿತಿರುತ್ತಿದ್ದಳು. ಶಾಲೆಗೆ ರಜೆಯಿದ್ದ ಐತವಾರದ ಪಾತ್ರೆಗಳನ್ನು ನಾನು ನೋಡಿಕೊಳ್ಳುತ್ತಿದ್ದೆ.

ಅವ್ವನ ಆ ಕೈ ನೋಡಿಯೇ ರಾಣೆಬೆನ್ನೂರಿನ ಚಿಗವ್ವ ಒಂದು ಶನಿವಾರ ಹಸಿರು ಬಾಟಲಿ ತಂದಳು.

“ಅಕ್ಕಾ, ಕೈ ಸುಟಗೋಬ್ಯಾಡ ಇನ್ನ. ಒಂದ ಹನಿ ಹಾಕು, ಜಿಡ್ಡು ತಾನ ಬಿಟ್ಟ ಓಡತೈತಿ.”

ಆಯಿ, ಅಂದರೆ ಅಪ್ಪನ ತಾಯಿ, ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. “ಓಡಿ ಎಲ್ಲಿ ಹೋಗತೈತಬೇ?”

“ಗಟಾರಕ್ಕ ಹೋಗತೈತಿ. ಮತ್ತೆಲ್ಲಿ ಹೋಗಬೇಕು?”

“ನಮ್ಮನ್ಯಾಗ ಗಟಾರ ಇಲ್ಲ.”

ಚಿಗವ್ವ ಬಿದ್ದು ಬಿದ್ದು ನಕ್ಕಳು. ಅವ್ವ ನಗಲಿಲ್ಲ. ಬಾಟಲಿಯನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟಳು, ಅರಿಷಿಣ ಕುಂಕುಮದ ಬಟ್ಟಲುಗಳ ಪಕ್ಕಕ್ಕೆ.

ಮರುದಿನ ಅವ್ವ ಕೆಲಸಕ್ಕೆ ಹೋದ ಮೇಲೆ ನಾನು ಅದನ್ನು ಇಳಿಸಿದೆ. ಒಂದು ಹನಿಗೆ ನೊರೆ ಬರಲಿಲ್ಲ. ಎರಡು, ನಾಲ್ಕು. ಕೊನೆಗೆ ಬಾಟಲಿ ನಾಲ್ಕು ಬೆರಳಷ್ಟು ಕೆಳಗಿಳಿಯಿತು. ಸುರಿದದ್ದು ಮೊದಲನೆಯ ಬಕೆಟ್ಟಿಗೇ. ಒಂದೇ ನೀರಿನಲ್ಲಿ ಎಲ್ಲ ಆಗುವುದಾದರೆ ಎರಡನೆಯದು ಯಾಕೆ ಎಂದುಕೊಂಡೆ. ನಿಂಬೆಹಣ್ಣಿನ ವಾಸನೆ ಹಿತ್ತಲಿಗೆಲ್ಲ ಹರಡಿತು. ತಾಟುಗಳು ಬೆರಳಿಗೆ ಕಿರ್‍ ಎಂದವು. ಪಪ್ಪಾಯಿ ಎಲೆಯ ದಂಟು ಮುರಿದು ಊದಿದೆ. ಗುಳ್ಳೆಗಳು ಗೋಡೆಯ ಆಚೆ ಹಾರಿದವು. ಆಟ ಸಾಕಾದ ಮೇಲೆ, ಮನೆಯಲ್ಲಿ ದಿನವೂ ನಡೆಯುವಂತೆ, ಬಕೆಟ್ಟನ್ನು ಎಳೆದುಕೊಂಡು ಹೋಗಿ ಚಂದ್ರಿಯ ಬಾನಿಗೆ ಸುರಿದೆ.

ಸುರಿದದ್ದು ನಾನೇ ಎಂದು ನನ್ನ ನೆನಪು. ತುಂಬಿದ ಬಕೆಟ್ಟನ್ನು ಆ ವಯಸ್ಸಿನ ಹುಡುಗಿ ಎಳೆಯಬಲ್ಲಳೇ ಎಂದು ಬರೆಯುವಾಗ ಅನುಮಾನವಾಗುತ್ತದೆ. ಆದರೆ ಚಂದ್ರಿ ಮುಖ ಎತ್ತಿದಾಗ ಮೂತಿಯ ತುಂಬ ಬಿಳಿ ನೊರೆ ಇದ್ದದ್ದು, ದಾಡಿ ಮಾಡಿಕೊಳ್ಳಲು ಕುಳಿತ ಅಪ್ಪನ ಹಾಗೆ ಕಂಡದ್ದು, ನಾನು ನಕ್ಕದ್ದು ಖರೇ.

ಮಧ್ಯಾಹ್ನ ಆಯಿ ಕೊಟ್ಟಿಗೆಯಿಂದ ಕೂಗಿದಳು. ಚಂದ್ರಿಯ ಎಡಬದಿ ಡೊಳ್ಳಿನಂತೆ ಬಿಗಿದಿತ್ತು. ಮೆಲುಕು ನಿಂತಿತ್ತು. ಕತ್ತು ಮುಂದಕ್ಕೆ ಚಾಚಿ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಅವಳು ಗಬ್ಬವಾಗಿದ್ದಳು, ಮುಂದಿನ ತಿಂಗಳು ಈಯಬೇಕಿತ್ತು. ಅಪ್ಪ ದನದ ಡಾಕ್ಟರನ್ನು ಕರೆತರಲು ಓಡಿದ. ಆಯಿ ನನ್ನ ಭುಜ ಹಿಡಿದಳು.

“ಖರೇ ಹೇಳು. ಏನರ ಹಾಕಿದ್ಯೇನ ಇಕಿಗೆ?”

“ಇಲ್ಲ.”

“ನನ್ನ ಮ್ಯಾಲ ಆಣಿ?”

“ನಿನ್ನ ಮ್ಯಾಲ ಆಣಿ.”

ಆಣೆ ಮಾಡಿದ ಮೇಲೆ ಭಯ ಎರಡಾಯಿತು. ಚಂದ್ರಿಯ ಜೊತೆ ಈಗ ಆಯಿಯೂ ಸಾಯುತ್ತಾಳೆ ಎನಿಸಿತು. ಗೂಡಿನಿಂದ ಬಾಟಲಿ ತೆಗೆದು ಸಗಣಿ ಕುಳ್ಳಿನ ಬಣವೆಯ ಸಂದಿನಲ್ಲಿ ತುರುಕಿದೆ. ಕೈಯಲ್ಲಿ ನಿಂಬೆಯ ವಾಸನೆ ಹೋಗಲೊಲ್ಲದು. ಮಣ್ಣಿಗೆ ತಿಕ್ಕಿದೆ, ಸಗಣಿಗೆ ತಿಕ್ಕಿದೆ. ಚಂದ್ರಿಯ ಪ್ರತಿ ಉಸಿರಿಗೂ ಕೊಟ್ಟಿಗೆಯಲ್ಲಿ ಒಂದು ಸಣ್ಣ ಸೀಟಿ ಕೇಳುತ್ತಿತ್ತು. ಅದು ನಿಂತರೆ ಎಂದು ಲೆಕ್ಕವಿಟ್ಟು ಕೇಳುತ್ತ ಗೋಡೆಗೆ ಒರಗಿ ಕುಳಿತೆ. ಹೊಟ್ಟೆಯೊಳಗಿನ ಕರುವಿನ ಬಾಯಿಯಲ್ಲೂ ನೊರೆ ತುಂಬಿಕೊಂಡ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು.

ಡಾಕ್ಟರು ಬಂದರು. ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ, ಒಂದು ಚೀಟಿ ಬರೆದು ಅಪ್ಪನನ್ನು ಔಷಧದಂಗಡಿಗೆ ಓಡಿಸಿದರು. ಆಮೇಲೆ ಕೇಳಿದರು: “ಏನ ತಿಂದಾಳ್ರಿ? ಗೊತ್ತಾದ್ರ ಚೊಲೋ. ಸುಮ್ನ ಯಾವದೋ ಸೂಜಿ ಚುಚ್ಚಿದ್ರ ತಾಯಿ, ಕರ ಎರಡೂ ಹೋದಾವು.”

ನನ್ನೊಬ್ಬಳಿಗೇ ಗೊತ್ತಿದೆ ಎಂದು ಆಗ ನಾನು ನಂಬಿದ್ದೆ. ಬಣವೆಗೆ ಓಡಿ ಬಾಟಲಿ ತಂದು ಅವರ ಕಾಲ ಬಳಿ ಇಟ್ಟೆ. ಅವರು ಮುಚ್ಚಳ ತೆಗೆದು ಮೂಸಿದರು.

“ಎಷ್ಟ ಹಾಕಿದ್ದಿ?”

ನಾಲ್ಕು ಬೆರಳು ತೋರಿಸಿದೆ.

“ಇಷ್ಟಕ್ಕ ಹೊಟ್ಟಿ ಹಿಂಗ ಉಬ್ಬೂದಿಲ್ಲ ತಂಗಿ. ಭಾಳಂದ್ರ ಸಗಣಿ ತೆಳ್ಳಗ ಹೋದೀತು.” ಆಯಿಯ ಕಡೆ ತಿರುಗಿದರು. “ಅನ್ನ ಭಾಳ ತಿಂದ್ರ ಹಿಂಗ ಆಗತೈತಿ. ಏನರ ಹಾಕೀರೇನ್ರಿ, ಅಜ್ಜಿ?”

ಆಯಿ ಸೆರಗು ಸರಿಪಡಿಸಿಕೊಂಡಳು. “ಬಾಜೂಕಿನ ಮನ್ಯಾಗ ನಿನ್ನೆ ತೊಟ್ಟಲಕಾರ್ಯ ಇತ್ರಿ. ಅನ್ನ, ಹುಗ್ಗಿ ಉಳದಿತ್ತಂತ ಕೊಟ್ರು. ಬಸರಿ ಹೆಂಗಸು, ಉಣ್ಣಲಿ ಅಂತ ಮುಂಜಾನೆ ಒಂದ ಬೋಗಾಣಿ...”

“ಒಂದ ಬೋಗಾಣಿನೋ, ಅವರ ಮನಿ ಹಂಡೆನೋ?”

ಆಯಿ ಬಾನಿಯ ಕಡೆ ನೋಡಿದಳು. ನನ್ನಿಂದ ಆಣೆ ಮಾಡಿಸುವಾಗ ಅವಳಿಗೆ ಇದೆಲ್ಲ ಗೊತ್ತಿತ್ತು. ನಾನು ‘ಹೌದು’ ಎನ್ನಲಿ ಎಂದೇ ಕೇಳಿದಳೇ? ಆ ಗಳಿಗೆಯಲ್ಲಿ ಅವಳ ಮುಖ ಹೇಗಿತ್ತು ಎಂದು ಎಷ್ಟೋ ಸಲ ನೆನೆಯಲು ನೋಡಿದ್ದೇನೆ. ಪ್ರತಿ ಸಲ ಬೇರೆ ಮುಖ ಬರುತ್ತದೆ.

ಅಪ್ಪ ಔಷಧ ತಂದ. ಸೂಜಿ ಚುಚ್ಚಿದರು, ಬಿದಿರಿನ ಗೊಟ್ಟದಿಂದ ಎಣ್ಣೆ ಕುಡಿಸಿದರು, ಚಂದ್ರಿಯನ್ನು ಅಂಗಳದಲ್ಲಿ ಅಡ್ಡಾಡಿಸಿದರು. ದೀಪ ಹಚ್ಚುವ ಹೊತ್ತಿಗೆ ಅವಳು ದೊಡ್ಡದಾಗಿ ತೇಗಿದಳು. ಆಮೇಲೆ ದವಡೆ ನಿಧಾನ ಅಲುಗಿತು. ತಿಂಗಳ ನಂತರ ಹೆಣ್ಣುಗರು ಹಾಕಿದಳು. ಅದರ ಮೂತಿ ಹಿಡಿದು ಮೂಸಿ ನೋಡಿದೆ, ನಿಂಬೆಯ ವಾಸನೆ ಇದೆಯೇ ಎಂದು.

ಆದರೆ ನಡೆಯುವುದು ಇನ್ನೂ ಇತ್ತು. ಆ ಸಂಜೆ ಅವ್ವ ಕೆಲಸದಿಂದ ಬಂದಾಗ ಆಯಿ ಬಾಟಲಿಯನ್ನು ತಿಪ್ಪೆಗೆ ಎಸೆಯುತ್ತಿದ್ದಳು.

“ಈ ಹಸರ ನೀರ ಇನ್ನ ಮನ್ಯಾಗ ಬರಬಾರದು. ನನ್ನ ಎಮ್ಮಿನ ತಿಂದಬಿಡತಿತ್ತು.”

ಡಾಕ್ಟರು ಹೇಳಿದ್ದನ್ನು ಕೇಳಿದವರು ಆಯಿ ಮತ್ತು ನಾನು ಮಾತ್ರ. ಆಯಿ ನನ್ನನ್ನು ನೋಡಿದಳು. ಹೊಟ್ಟೆ ಉಬ್ಬಿದ್ದು ಅನ್ನದಿಂದ ಎಂಬ ಒಂದು ಮಾತು ಸಾಕಾಗಿತ್ತು. ಆಡಿದರೆ ನನ್ನ ಸುಳ್ಳು ಆಣೆಯೂ ಹೊರಬೀಳುತ್ತಿತ್ತು. ನಾನು ತಾಟಿನಲ್ಲಿದ್ದ ರೊಟ್ಟಿ ಮುರಿಯುತ್ತ ಕುಳಿತೆ.

“ಹೋಗ್ಲಿ ಬಿಡ್ರಿ ಅತ್ತೆವ್ವಾ, ಬೂದಿನ ಚೊಲೋ,” ಎಂದಳು ಅವ್ವ. ಉಂಡ ಮೇಲೆ ಅದೇ ಕೈಯಲ್ಲಿ ಬೂದಿ ಹಿಡಿದಳು. ಹಲ್ಲು ಕಚ್ಚಿ ಉಸಿರೆಳೆದ ಸದ್ದು ಒಳಗೆ ಕೇಳಿಸಿತು. ಅನೇಕ ಸುಗ್ಗಿಗಳವರೆಗೆ ಕೇಳಿಸುತ್ತಿತ್ತು.

ಆಯಿ ಈಗಿಲ್ಲ. ಚಂದ್ರಿಯ ನಂತರ ಆ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಲಿಲ್ಲ. ಅವ್ವ ರಾಣೆಬೆನ್ನೂರಿನಲ್ಲಿ ನನ್ನ ಜೊತೆಗಿದ್ದಾಳೆ. ಹೋದ ವಾರ ಸಿಂಕಿನ ಮುಂದೆ ನಿಂತು, ಅಂಥದೇ ಹಸಿರು ಬಾಟಲಿ ಕೈಯಲ್ಲಿ ಹಿಡಿದು, ಅವಳಿಗೆ ಎಲ್ಲ ಹೇಳಿದೆ.

“ಗೊತ್ತಿತ್ತು,” ಎಂದಳು. “ಅವತ್ತ ಸಂಜಿಗೆ ಬಾನ್ಯಾಗ ಬೊಗಸಿಗಟ್ಟಲೆ ಅನ್ನ ಇತ್ತು. ನನಗ ಕಣ್ಣಿಲ್ಲೇನ?”

“ಮತ್ತ ಯಾಕ ಸುಮ್ಮನಾದಿ?”

“ಮುದಕಿನೂ ಅಂಜಿದ್ಲು, ನೀನೂ ಅಂಜಿದ್ದಿ. ನಾ ಏನ ಅನ್ನಲಿ?” ಒಂದು ತಾಟು ಒರೆಸಿಟ್ಟು ಹೇಳಿದಳು: “ಆ ಬಕೆಟ್ ಸುರುವಿದಾಕಿ ನೀ ಅಲ್ಲ, ಆಯಿನ. ನಿನ್ನ ಕೈಲೆ ಅದು ಏಳತಿತ್ತೇನು?”

ಅವಳು ಆಗ ಮನೆಯಲ್ಲಿರಲಿಲ್ಲ. ಆದರೂ ಅವಳ ಮಾತನ್ನು ಡೈರಿಯಲ್ಲಿ ನನ್ನ ನೆನಪಿನ ಪಕ್ಕದಲ್ಲೇ ಬರೆದಿಟ್ಟಿದ್ದೇನೆ. ಯಾವುದನ್ನೂ ಹೊಡೆದು ಹಾಕಿಲ್ಲ.

ನಾನು ನಲ್ಲಿ ಬಿಟ್ಟೆ. ನೊರೆ ಸುತ್ತಿ ಸುತ್ತಿ ಇಳಿಯಿತು, ಅದರೊಂದಿಗೆ ನಾಲ್ಕು ಅಗುಳು ಅನ್ನ. ಅವ್ವ ಬಗ್ಗಿ ಆ ತೂತನ್ನೇ ನೋಡುತ್ತಿದ್ದಳು.

“ಇದು ಎಲ್ಲಿ ಹೋಗತೈತಿ?”

ಗೊತ್ತಿಲ್ಲ ಎಂದೆ. ಖರೇನೇ ಗೊತ್ತಿಲ್ಲ. ಗಟಾರಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಐರಣಿಯ ಕಡೆ ಎಲ್ಲೋ ಹೊಳೆಗೆ ಸೇರಬಹುದು. ಅಲ್ಲಿ ಯಾರದೋ ಎಮ್ಮೆ ಮೂತಿ ಇಟ್ಟಿರಬಹುದು. ಅವತ್ತು ಮಧ್ಯಾಹ್ನವೆಲ್ಲ ನಾನು ಚಂದ್ರಿಯ ಉಸಿರು ಎಣಿಸುತ್ತ ಕುಳಿತಿದ್ದೆ. ನಮ್ಮ ಮುಸುರಿ ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಗೊತ್ತಿದ್ದುದರಿಂದ ಹಾಗೆ ಅಂಜಲು ಸಾಧ್ಯವಿತ್ತು. ಈಗ ದಿನಕ್ಕೆ ಮೂರು ಸಲ ನೊರೆ ಇಳಿಸುತ್ತೇನೆ. ಯಾರ ಉಸಿರೂ ಕೇಳಿಸುವುದಿಲ್ಲ.